ನಕ್ಷತ್ರ ಸತ್ತದ್ದಲ್ಲ, ಮಸಿ ಕಟ್ಟಿಕೊಂಡದ್ದು

ಪ್ರಶ್ನೆ: ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ಆಕಾಶ ನೋಡುವ ಹುಚ್ಚು ಮೂವತ್ತು ವರ್ಷದ್ದು. 6 ಇಂಚಿನ ದೂರದರ್ಶಕ ಇಟ್ಟುಕೊಂಡಿದ್ದೇನೆ. 2015ರ ಮಾರ್ಚ್‌ನಲ್ಲಿ ಧನು ರಾಶಿಯಲ್ಲಿ ಕಾಣಿಸಿಕೊಂಡ ನೋವಾವನ್ನು, ಅಂದರೆ ದಿಢೀರನೆ ಬೆಳಗಿದ ನಕ್ಷತ್ರವನ್ನು, ಬೆಳಗಿನ ಜಾವ ಎದ್ದು ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದೆ. ಜೂನ್ ಕೊನೆಯ ಹೊತ್ತಿಗೆ ಮೋಡ ಹರಿದ ಒಂದು ರಾತ್ರಿ ನೋಡಿದರೆ ಅದು ಇದ್ದ ಜಾಗ ಖಾಲಿ. ಸತ್ತಿತು ಎಂದುಕೊಂಡೆ. ಮಳೆಗಾಲ ಮುಗಿದ ಮೇಲೆ ದೂರದರ್ಶಕದಲ್ಲಿ ಮತ್ತೆ ಮಂಕಾಗಿ ಸಿಕ್ಕಿತು! ಅದರ ಸುತ್ತ ದೂಳು ಹುಟ್ಟಿತ್ತು ಎಂದು ಆಮೇಲೆ ಓದಿದೆ. ಬಾಂಬಿನಂತೆ ಸಿಡಿದ ಜಾಗದಲ್ಲಿ ದೂಳು ಉರಿದುಹೋಗದೆ ಹುಟ್ಟುವುದು ಹೇಗೆ? ಅದು ಸುಟ್ಟು ಉಳಿದ ಬೂದಿಯೆ? ಎಂ.ಎಸ್ಸಿ. ಭೌತವಿಜ್ಞಾನ ಓದುತ್ತಿರುವ ಮಗಳು ಇದನ್ನೇ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಅಭ್ಯಾಸ ಮಾಡಬೇಕು ಎನ್ನುತ್ತಿದ್ದಾಳೆ. ಮಾಮೂಲಿ ಕ್ಯಾಮೆರಾದ ಒಳಗಿನ, ಅವಕೆಂಪನ್ನು ತಡೆಯುವ ಫಿಲ್ಟರ್ ತೆಗೆಸಿದರೆ ಸಾಕು ಎಂದು ಒಬ್ಬರು, ಹಲವು ಲಕ್ಷದ ಅವಕೆಂಪು ಕ್ಯಾಮೆರಾವೇ ಬೇಕು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಈ ವರ್ಷದ ಅಡಿಕೆ ದುಡ್ಡು ಕೈಯಲ್ಲಿದೆ. ಕೊಡಿಸಲೇ? ಅಂಥ ದೂಳು ಭೂಮಿಗೂ ಬರುತ್ತದೆ ಎಂದು ಮಗಳು ಹೇಳಿದ್ದು ಕೇಳಿ ನನ್ನ ಹೆಂಡತಿಗೆ ದಿಗಿಲು ಬೇರೆ.

ಉತ್ತರ: ಅಡಿಕೆ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಕ್ಯಾಮೆರಾ ಏಕೆ ಬೇಡ ಎಂಬುದು ಆ ದೂಳು ಏನು, ಯಾವ ಬೆಳಕಿನಲ್ಲಿ ಕಾಣುತ್ತದೆ ಎಂದು ತಿಳಿದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ನೀವು ಕಂಡದ್ದನ್ನು ನಿಮಗಿಂತ ಎಂಬತ್ತು ವರ್ಷ ಮೊದಲು ಕಂಡವರಿದ್ದಾರೆ. 1934ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಹವ್ಯಾಸಿ ವೀಕ್ಷಕ ಪ್ರೆಂಟಿಸ್, ಉಲ್ಕೆ ಎಣಿಸಲು ಕೂತಿದ್ದ ರಾತ್ರಿ, ಹರ್ಕ್ಯುಲಿಸ್ ಪುಂಜದಲ್ಲಿ ಇರಬಾರದ ಒಂದು ನಕ್ಷತ್ರವನ್ನು ಗುರುತಿಸಿದ. ಇಂದು ಡಿಕ್ಯು ಹರ್ಕ್ಯುಲಿಸ್ ಎಂದು ಕರೆಯುವುದು ಅದನ್ನೇ. ಮೂರು ತಿಂಗಳಿಗೂ ಹೆಚ್ಚು ಕಾಲ ಅದು ಏರುಪೇರಿನಲ್ಲಿ ಬೆಳಗಿತು. 1935ರ ಏಪ್ರಿಲ್‌ನಲ್ಲಿ ಕೆಲವೇ ವಾರಗಳೊಳಗೆ ಬೆಳಕು ಸಾವಿರ ಪಟ್ಟಿಗೂ ಹೆಚ್ಚು ಕುಸಿದು, ಬರಿಗಣ್ಣಿಗೆ ಕಾಣುತ್ತಿದ್ದದ್ದು 13ನೆಯ ಕಾಂತಿಮಾನಕ್ಕೆ ಇಳಿಯಿತು (ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮೇಲೆದ್ದು 6–7ರ ಆಸುಪಾಸಿಗೆ ಬಂತು. ಸತ್ತ ನಕ್ಷತ್ರ ಹೀಗೆ ಎದ್ದು ಬರುವುದಿಲ್ಲ. ನಡುವೆ ಏನೋ ಅಡ್ಡ ಬಂದಿರಬೇಕು, ಅದು ದೂಳಿರಬಹುದು ಎಂದು ಅಮೆರಿಕದ ಮೆಕ್‌ಲಾಫ್ಲಿನ್ 1935ರಲ್ಲೇ ಊಹಿಸಿದ. ಊಹೆಗೆ ಸಾಕ್ಷಿ ಸಿಗಲು ಮೂವತ್ತೈದು ವರ್ಷ ಬೇಕಾಯಿತು.

ಆ ಸಾಕ್ಷಿಗೆ ಬರುವ ಮೊದಲು ನೋವಾ ಎಂದರೇನು ಎಂದು ಚುಟುಕಾಗಿ ಹೇಳಿಬಿಡುತ್ತೇನೆ. ಹೆಸರಿನ ಅರ್ಥ ಹೊಸತು ಎಂದಾದರೂ ಅದು ಹೊಸ ನಕ್ಷತ್ರವಲ್ಲ, ಸೂಪರ್‌ನೋವಾದಂತೆ ನಕ್ಷತ್ರದ ಅಂತ್ಯವೂ ಅಲ್ಲ. ಭೂಮಿಯ ಗಾತ್ರದ, ಆದರೆ ತೂಕದಲ್ಲಿ ಸೂರ್ಯನಿಗೆ ಹತ್ತಿರದ ಒಂದು ಶ್ವೇತಕುಬ್ಜ (ಉರಿದು ಮುಗಿದ ನಕ್ಷತ್ರದ ಉಳಿದ ತಿರುಳು) ತನ್ನ ಜೋಡಿ ನಕ್ಷತ್ರದಿಂದ ಜಲಜನಕವನ್ನು ಎಳೆದೆಳೆದು ಮೈಮೇಲೆ ಹೊದ್ದುಕೊಳ್ಳುತ್ತದೆ. ಹೊದಿಕೆ ದಪ್ಪವಾದಂತೆ ಅದರ ತಳದಲ್ಲಿ ಒತ್ತಡ, ಶಾಖ ಏರಿ ಜಲಜನಕ ಒಮ್ಮೆಲೇ ಬೈಜಿಕ ಉರಿಗೆ ಸಿಗುತ್ತದೆ. ಸಿಡಿಯುವುದು ಆ ಹೊದಿಕೆ ಮಾತ್ರ. ಸೂರ್ಯನ ತೂಕದ ಲಕ್ಷದಲ್ಲೊಂದು ಪಾಲಿನಿಂದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅನಿಲ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹೊರಗೆ ಹಾರುತ್ತದೆ. ಒಳಗಿನ ಜೋಡಿ ಅಲ್ಲೇ ಇರುತ್ತದೆ. ಡಿಕ್ಯು ಹರ್ಕ್ಯುಲಿಸ್‌ನ ಆ ಎರಡು ನಕ್ಷತ್ರಗಳು 4 ಗಂಟೆ 39 ನಿಮಿಷಕ್ಕೊಮ್ಮೆ ಒಂದನ್ನೊಂದು ಸುತ್ತುವುದನ್ನು 1954ರಲ್ಲಿ ಮರ್ಲ್ ವಾಕರ್ ಅಳೆದು ತೋರಿಸಿದ. ಸ್ಫೋಟವಾಗಿ ಇಪ್ಪತ್ತು ವರ್ಷದ ಮೇಲೆ!

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬೆಂಕಿಯಲ್ಲಿ ದೂಳು ಹುಟ್ಟುವುದು ಹೇಗೆ? ಬೆಂಕಿಯಲ್ಲಿ ಹುಟ್ಟುವುದಿಲ್ಲ, ಬೆಂಕಿಯಿಂದ ದೂರ ಹೋದ ಮೇಲೆ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 1,000 ಕಿಲೋಮೀಟರ್ ವೇಗದಲ್ಲಿ 60 ದಿನ ಓಡಿದ ಅನಿಲ ಸುಮಾರು 518 ಕೋಟಿ ಕಿಲೋಮೀಟರ್ ದಾಟಿರುತ್ತದೆ. ನಮ್ಮ ಸೂರ್ಯನಿಂದ ನೆಪ್ಚೂನ್ ಇರುವುದು 450 ಕೋಟಿ ಕಿಲೋಮೀಟರಿನಲ್ಲಿ. ಅಷ್ಟು ಹರಡಿದ ಅನಿಲ ತಣ್ಣಗಾಗುತ್ತದೆ, ಆಗ ಪರಮಾಣುಗಳು ಅಣುಗಳಾಗಿ, ಅಣುಗಳು ಕಣಗಳಾಗಿ ಕೂಡಿಕೊಳ್ಳತೊಡಗುತ್ತವೆ. ಬೂದಿ ಎಂದರೆ ಮೊದಲೇ ಇದ್ದ ಗಟ್ಟಿ ವಸ್ತು ಉರಿದು ಉಳಿದದ್ದು. ಇದು ಅದಲ್ಲ. ಅಡಿಗೆಮನೆಯ ಮುಚ್ಚಳದಡಿ ಹಬೆ ಹನಿಗಟ್ಟುವ ಹಾಗೆ ಅನಿಲ ನೇರವಾಗಿ ಗಟ್ಟಿ ಕಣವಾಗುವುದು.

ಇನ್ನೂ ಹತ್ತಿರದ ಹೋಲಿಕೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುವುದನ್ನು ನೆನಪಿಸಿಕೊಳ್ಳಿ. ಗಾಳಿ ಧಾರಾಳವಾಗಿ ಆಡುವ ದೀಪ ಹೆಚ್ಚು ಮಸಿ ಕೊಡುವುದಿಲ್ಲ. ಇಂಗಾಲವೆಲ್ಲ ಆಮ್ಲಜನಕದ ಜೊತೆ ಸೇರಿ ಅನಿಲವಾಗಿ ಹೋಗಿಬಿಡುತ್ತದೆ. ತಟ್ಟೆಯನ್ನು ತುಸು ತಗ್ಗಿಸಿ ಗಾಳಿ ಕಟ್ಟಿದರೆ ಆಗ ನೋಡಿ, ರೇಷ್ಮೆಯಂಥ ಕಪ್ಪು ಕಟ್ಟುತ್ತದೆ. ನೋವಾದ ದೂಳಿನ ಇಡೀ ರಸಾಯನವಿಜ್ಞಾನ ಈ ಹಗ್ಗಜಗ್ಗಾಟವೇ: ಇಂಗಾಲ ಆಮ್ಲಜನಕದ ಕೈಗೆ ಸಿಗುತ್ತದೋ, ತಪ್ಪಿಸಿಕೊಂಡು ಮಸಿಯಾಗುತ್ತದೋ. ಎರಡೂ ಸೇರಿದರೆ ಕಾರ್ಬನ್ ಮೊನಾಕ್ಸೈಡ್, ಬಲು ಗಟ್ಟಿಯಾದ ಅಣು. ಹಳೆಯ ಪಾಠದ ಪ್ರಕಾರ ಎರಡರಲ್ಲಿ ಕಡಿಮೆ ಇರುವುದು ಪೂರ್ತಿ ಈ ಅಣುವಿನಲ್ಲಿ ಬಂದಿಯಾಗುತ್ತದೆ. ಇಂಗಾಲ ಮಿಕ್ಕರೆ ಮಸಿಯಂಥ ದೂಳು, ಆಮ್ಲಜನಕ ಮಿಕ್ಕರೆ ಮರಳಿನ ಜಾತಿಯ ಸಿಲಿಕೇಟ್ ದೂಳು. ಕೆಂಪು ದೈತ್ಯ ನಕ್ಷತ್ರಗಳಲ್ಲಿ ಬಹುಮಟ್ಟಿಗೆ ಹಾಗೆಯೇ ಆಗುತ್ತದೆ. ನೋವಾಗಳು ಮಾತ್ರ ಈ ಪಾಠ ಓದಿಕೊಂಡು ಬಂದಿಲ್ಲ. 1993ರಲ್ಲಿ ಸಿಡಿದ ವಿ705 ಕ್ಯಾಸಿಯೋಪಿಯಾದಲ್ಲಿ ಎರಡೂ ಬಗೆಯ ದೂಳು ಸಿಕ್ಕಿತು. ಅನಿಲ ಅಷ್ಟು ಅವಸರದಲ್ಲಿ ಹರಡುವಾಗ, ನೇರಳಾತೀತ ಕಿರಣ ಅಣುಗಳನ್ನು ಒಡೆಯುತ್ತಿರುವಾಗ, ಕಾರ್ಬನ್ ಮೊನಾಕ್ಸೈಡ್ ಪೂರ್ತಿಯಾಗಿ ಕಟ್ಟಿಕೊಳ್ಳಲು ಪುರುಸೊತ್ತಿಲ್ಲ. ಹಾಗಾಗಿ ಎರಡೂ ಮಿಕ್ಕುತ್ತವೆ.

ಈ ಅಣುವನ್ನು ಹಿಡಿದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು, ಮಗಳಿಗೆ ಇದನ್ನು ತಪ್ಪದೆ ಹೇಳಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ 1.2 ಮೀಟರ್ ಅವಕೆಂಪು ದೂರದರ್ಶಕ ರಾಜಸ್ಥಾನದ ಮೌಂಟ್ ಅಬುವಿನ ಗುರುಶಿಖರದಲ್ಲಿದೆ, 1,680 ಮೀಟರ್ ಎತ್ತರದಲ್ಲಿ. 2007ರಲ್ಲಿ ಉರಗಧರ ಪುಂಜದ ವಿ2615 ನೋವಾದಲ್ಲಿ ದಾಸ್, ಬ್ಯಾನರ್ಜಿ, ಅಶೋಕ್ ಅವರ ತಂಡ ಬೆಳಕಿನ ತರಂಗದ ಉದ್ದ 2.3 ಮೈಕ್ರಾನ್ ಇರುವಲ್ಲಿ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಾರ್ಬನ್ ಮೊನಾಕ್ಸೈಡಿನ ಗುರುತನ್ನು ದೂಳು ಕಟ್ಟುವುದಕ್ಕೂ ಮೊದಲೇ ಕಂಡಿತು. ಅನಿಲದ ಉಷ್ಣತೆ ಆಗ ಸುಮಾರು 4,000 ಕೆಲ್ವಿನ್. ಅಣು ಕಂಡಿತೆಂದರೆ ದೂಳಿಗೆ ಹಾಸಿಗೆ ಹಾಸಿದೆ ಎಂದರ್ಥ. 2015ರ ನಿಮ್ಮ ಧನು ನೋವಾದಲ್ಲೂ, ಅಂದರೆ ವಿ5668ರಲ್ಲೂ, ಮೌಂಟ್ ಅಬುವಿನಿಂದ ಇದೇ ಅಣು, ಆಮೇಲೆ ದೂಳು ಸಿಕ್ಕಿದವು.

ಇನ್ನೂ ಬಿಡಿಸದ ಗಂಟೊಂದಿದೆ. ದೂಳು ಕಟ್ಟುವ ಹೊತ್ತಿಗೆ ಒಳಗಿನ ಶ್ವೇತಕುಬ್ಜ ತೀಕ್ಷ್ಣವಾದ ನೇರಳಾತೀತವನ್ನು ಸುರಿಯುತ್ತಿರುತ್ತದೆ. ಆ ಸುರಿಮಳೆಯಲ್ಲಿ ಎಳೆಯ ಕಣಗಳು ಬದುಕುವುದು ಹೇಗೆ? ಅನಿಲ ಒಂದೇ ಸಮನಾಗಿ ಹರಡಿಲ್ಲ, ಮುದ್ದೆಮುದ್ದೆಯಾಗಿದೆ, ಮುದ್ದೆಯ ಒಳಗೆ ನೆರಳಿದೆ ಎನ್ನುವುದು ಒಂದು ಉತ್ತರ. ಮೊದಲು ನಿಧಾನವಾಗಿ ಹೊರಟ ಅನಿಲಕ್ಕೆ ಹಿಂದಿನಿಂದ ವೇಗದ ಅನಿಲ ಬಂದು ಗುದ್ದಿದಾಗ ಎದ್ದ ಆಘಾತದ ಹಿಂದೆ ದಟ್ಟವಾದ ತಣ್ಣನೆಯ ಪದರ ಕಟ್ಟುತ್ತದೆ, ದೂಳು ಅಲ್ಲಿ ಹುಟ್ಟುತ್ತದೆ ಎನ್ನುವುದು ಈಚಿನ ಉತ್ತರ. 2010ರಿಂದ ನೋವಾಗಳು ಗಾಮಾ ಕಿರಣವನ್ನೂ ಹೊರಡಿಸುವುದನ್ನು ಫರ್ಮಿ ಉಪಗ್ರಹ ಕಂಡ ಮೇಲೆ, ಇಂಥ ಗುದ್ದಾಟ ನಿಜಕ್ಕೂ ನಡೆಯುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ.

ಈಗ ಅವಕೆಂಪಿನ ಸಾಕ್ಷಿ. 1970ರಲ್ಲಿ ಸರ್ಪ ಪುಂಜದಲ್ಲಿ ಎಫ್‌ಎಚ್ ಸರ್ಪೆಂಟಿಸ್ ಎಂಬ ನೋವಾ ಸಿಡಿಯಿತು. ಕಣ್ಣಿಗೆ ಕಾಣುವ ಬೆಳಕು ಕುಸಿಯತೊಡಗಿದ ಹೊತ್ತಿಗೇ ಅವಕೆಂಪಿನಲ್ಲಿ ಅದು ಏರತೊಡಗಿತು. ಓಎಒ-2 ಎಂಬ ಉಪಗ್ರಹ ನೇರಳಾತೀತವನ್ನೂ ಅಳೆದಿತ್ತು. ಮೂರನ್ನೂ ಕೂಡಿಸಿ ನೋಡಿದರೆ ನೋವಾ ಹೊರಸೂಸುತ್ತಿದ್ದ ಒಟ್ಟು ಶಕ್ತಿ ವಾರಗಟ್ಟಲೆ ಹೆಚ್ಚುಕಡಿಮೆ ಅಷ್ಟೇ ಇತ್ತು. ನಕ್ಷತ್ರ ಒಂದಿಷ್ಟೂ ಸೊರಗಿರಲಿಲ್ಲ. ದೂಳು ಅದರ ಬೆಳಕನ್ನು ನುಂಗಿ, ತಾನು ಬಿಸಿಯಾಗಿ, ಅದೇ ಶಕ್ತಿಯನ್ನು ಅವಕೆಂಪಿನಲ್ಲಿ ಹೊರಹಾಕುತ್ತಿತ್ತು. ಜೂನ್ ಕೊನೆಯ ಆ ರಾತ್ರಿ ನಿಮ್ಮ ಬೈನಾಕ್ಯುಲರ್‌ಗೆ ಖಾಲಿ ಕಂಡ ಜಾಗ, ಅವಕೆಂಪು ಕಣ್ಣಿಗೆ ಆ ಭಾಗದ ಆಕಾಶದಲ್ಲಿ ಎದ್ದು ಕಾಣುವ ಚುಕ್ಕೆಯಾಗಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ, ನಿಮ್ಮ ಕ್ಯಾಮೆರಾ ಸಲಹೆಗಾರರಲ್ಲೂ ಇದ್ದಂತಿದೆ. ಅವಕೆಂಪು ಎಂದರೆ ಒಂದು ಬಣ್ಣವಲ್ಲ, ಉದ್ದನೆಯ ಹೆದ್ದಾರಿ. ಅಂಗಡಿಯ ಸಿಸಿಟಿವಿ ರಾತ್ರಿ ಬಳಸುವ ಅವಕೆಂಪು 0.85 ಮೈಕ್ರಾನಿನದು. ಸೂರ್ಯನಂಥ 5,800 ಕೆಲ್ವಿನ್‌ನ ವಸ್ತು ಅತಿ ಹೆಚ್ಚು ಬೆಳಗುವುದು 0.5 ಮೈಕ್ರಾನಿನಲ್ಲಿ. ಆಗತಾನೆ ಹುಟ್ಟಿದ ನೋವಾ ದೂಳಿನ ಉಷ್ಣತೆ 1,000 ಕೆಲ್ವಿನ್ ಆಸುಪಾಸು. ಅದು ಅತಿ ಹೆಚ್ಚು ಬೆಳಗುವುದು 2.9 ಮೈಕ್ರಾನಿನಲ್ಲಿ, ತಣಿದಂತೆ ಇನ್ನೂ ಆಚೆಗೆ.

ಫಿಲ್ಟರ್ ತೆಗೆಸಿದ ಮಾಮೂಲಿ ಕ್ಯಾಮೆರಾದ ಸಿಲಿಕಾನ್ ಸಂವೇದಕ 1 ಮೈಕ್ರಾನಿಗೇ ಕುರುಡಾಗುತ್ತದೆ. ಅಲ್ಲಿ 1,000 ಕೆಲ್ವಿನ್ ದೂಳಿನ ಹೊಳಪು ಲೆಕ್ಕಕ್ಕೇ ಇಲ್ಲ. ದೂಳು ಅಡ್ಡ ನಿಂತದ್ದು ಕಂಡೀತು, ಅದನ್ನು ಫಿಲ್ಟರ್ ತೆಗೆಸದೆಯೂ ಕಾಣಬಹುದು. ಕ್ಯಾಮೆರಾದ ವಾರಂಟಿ ಹೋಗುತ್ತದೆ, ಮದುವೆಮನೆಯ ಫೋಟೊದಲ್ಲಿ ಹಸಿರು ಸೀರೆ ಬೇರೆ ಬಣ್ಣಕ್ಕೆ ತಿರುಗುತ್ತದೆ, ವಿಜ್ಞಾನಕ್ಕೆ ಲಾಭವಿಲ್ಲ.

ಲಕ್ಷಗಳ ಕ್ಯಾಮೆರಾ ಎಂದರೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸಂವೇದಕದ್ದಿರಬೇಕು. ಅದು ಸಾಮಾನ್ಯವಾಗಿ 1.7 ಮೈಕ್ರಾನಿನವರೆಗೆ ನೋಡುತ್ತದೆ. ದೂಳಿನ ಸುಳಿವು ಅಲ್ಲಿ ಸ್ವಲ್ಪ ಸಿಗಬಹುದು, ಪ್ರಕಾಶಮಾನವಾದ ನೋವಾ ಆಗಿದ್ದರೆ. ಆಪ್ಟೆಕ್ ಕಂಪನಿಯ ಎಸ್‌ಎಸ್‌ಪಿ-4 ಎಂಬ ಅಳತೆಯ ಉಪಕರಣ ಹಿಡಿದು ಅಷ್ಟರಮಟ್ಟಿನ ಕೆಲಸ ಮಾಡಿದ ಹವ್ಯಾಸಿಗಳು ಹೊರದೇಶಗಳಲ್ಲಿ ಇದ್ದಾರೆ. ಆದರೆ ಆ ತರಂಗಗಳಲ್ಲಿ ನಮ್ಮ ವಾಯುಮಂಡಲದ ಮೇಲ್ಪದರವೇ ಮಿನುಗುತ್ತದೆ, ಅದೂ ನಿಮಿಷ ನಿಮಿಷಕ್ಕೆ ಬದಲಾಗುತ್ತ. ಗಾಳಿಯ ತೇವ ಬೆಳಕನ್ನು ನುಂಗುತ್ತದೆ, ಮಲೆನಾಡಿನ ತೇವದ ಬಗ್ಗೆ ನಾನು ನಿಮಗೆ ಹೇಳಬೇಕೆ? ದೂಳು ಚೆನ್ನಾಗಿ ಕಾಣತೊಡಗುವ 2.2 ಮೈಕ್ರಾನಿಗೆ ಆ ಕ್ಯಾಮೆರಾ ತಲುಪುವುದೇ ಇಲ್ಲ.

ತಲುಪಿದರೂ ಕೆಲಸ ಸುಲಭವಲ್ಲ. ಗುರುಶಿಖರದಲ್ಲಿ ಕಳೆದ ರಾತ್ರಿಗಳಲ್ಲಿ ನನ್ನ ಮೊದಲ ಕೆಲಸ ಸಂವೇದಕದ ಪಾತ್ರೆಗೆ ದ್ರವ ಸಾರಜನಕ ಹೊಯ್ಯುವುದಾಗಿತ್ತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ, ಕೊಳವೆಯ ಬಾಯಲ್ಲಿ ಬುಸುಗುಟ್ಟುತ್ತ ಬಿಳಿ ಹೊಗೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ತಣಿಸದಿದ್ದರೆ ಸಂವೇದಕ ತನ್ನದೇ ಬಿಸಿಯನ್ನು ಕಂಡು ತುಂಬಿಹೋಗುತ್ತದೆ. ಮೊದಲ ಚಿತ್ರ ತೆಗೆದರೆ ಪರದೆಯ ತುಂಬ ಮಂಜು, ನಕ್ಷತ್ರ ಎಲ್ಲಿದೆಯೋ ತಿಳಿಯದು. ಆಕಾಶ, ಕನ್ನಡಿ, ಗುಮ್ಮಟ ಎಲ್ಲವೂ ಬೆಚ್ಚಗಿರುವುದರಿಂದ ಎಲ್ಲವೂ ಬೆಳಗುತ್ತವೆ. ದೂರದರ್ಶಕವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆದು, ಒಂದರಿಂದ ಒಂದನ್ನು ಕಳೆದರೆ ಮಂಜು ಮಾಯ. ಒಂದು ಬಿಳಿ ಚುಕ್ಕೆ, ಪಕ್ಕದಲ್ಲೇ ಅದರ ಕಪ್ಪು ನೆರಳು. ಆ ಕಳೆಯುವ ಲೆಕ್ಕದಲ್ಲಿ ತುಸು ಎಡವಿದರೂ ದೂಳಿನ ತೂಕ ಎರಡು ಪಟ್ಟು ಹೆಚ್ಚು ಬಂದುಬಿಡುತ್ತದೆ. ನನಗೇ ಒಮ್ಮೆ ಹಾಗಾಗಿ, ಹೊಸ ದೂಳು ಸಿಕ್ಕಿತೆಂದು ಸಂಭ್ರಮಿಸಿ ಮರುದಿನ ಮಧ್ಯಾಹ್ನ ಸಪ್ಪೆ ಮುಖ ಹಾಕಿಕೊಂಡಿದ್ದೇನೆ.

ಹಾಗಾದರೆ ಮಗಳು ಏನು ಮಾಡಬಹುದು?

ನಾನಾಗಿದ್ದರೆ ಮೊದಲು ಹಳೆಯ ದಾಖಲೆಗೆ ಕೈಹಾಕುತ್ತಿದ್ದೆ. 2009ರ ಡಿಸೆಂಬರ್‌ನಲ್ಲಿ ಹಾರಿದ ವೈಸ್ ಎಂಬ ಉಪಗ್ರಹ, ಆಮೇಲೆ ನಿಯೋವೈಸ್ ಎಂಬ ಹೆಸರಿನಲ್ಲಿ 2024ರವರೆಗೆ, ನಡುವೆ 2011ರಿಂದ 2013ರವರೆಗೆ ನಿದ್ರಿಸಿದ್ದು ಬಿಟ್ಟರೆ, ಇಡೀ ಆಕಾಶವನ್ನು ಸುಮಾರು ಆರು ತಿಂಗಳಿಗೊಮ್ಮೆ 3.4 ಮತ್ತು 4.6 ಮೈಕ್ರಾನಿನಲ್ಲಿ ಅಳೆಯಿತು. ನೋವಾ ದೂಳಿಗೆ ಹೇಳಿ ಮಾಡಿಸಿದಂಥ ತರಂಗಗಳು. ದಾಖಲೆಯೆಲ್ಲ ಪುಕ್ಕಟೆ. ಆ ವರ್ಷಗಳಲ್ಲಿ ಸಿಡಿದ ನೋವಾಗಳ ಪಟ್ಟಿ ಹಿಡಿದು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕುಸಿತ ಕಾಣದಿದ್ದರೂ ಅವಕೆಂಪಿನಲ್ಲಿ ಎದ್ದವು ಯಾವುವು ಎಂದು ಹುಡುಕಬಹುದು. ಇದು ಸಣ್ಣ ಪ್ರಶ್ನೆಯಲ್ಲ. ದೂಳು ನಮಗೂ ನಕ್ಷತ್ರಕ್ಕೂ ನಡುವೆ ಬಂದರೆ ಮಾತ್ರ ಕಣ್ಣಿಗೆ ಕುಸಿತ, ಪಕ್ಕಕ್ಕೆ ಕಟ್ಟಿದರೆ ಕುಸಿತವಿಲ್ಲ, ಹೊಳಪು ಮಾತ್ರ. ಅಪಾಯ ಎರಡು: ಬಲು ಪ್ರಕಾಶಮಾನವಾದ ನೋವಾಗಳಲ್ಲಿ ಅಳತೆ ತುಂಬಿ ಚೆಲ್ಲಿರುತ್ತದೆ. ಮತ್ತೆ, ಆರು ತಿಂಗಳ ಅಂತರದಲ್ಲಿ ದೂಳು ಹುಟ್ಟಿ ತೆಳುವಾಗಿಯೂ ಹೋಗಿರಬಹುದು. 2007ರಲ್ಲಿ ವೃಶ್ಚಿಕದ ವಿ1280 ಮೂರೇ ವಾರದಲ್ಲಿ ದೂಳು ಕಟ್ಟಿತ್ತು. ನಿಮ್ಮ ವಿ5668ರಲ್ಲಂತೂ ದೂಳು ಹುಟ್ಟುವುದನ್ನಷ್ಟೇ ಅಲ್ಲ, ನಾಶವಾಗುವುದನ್ನೂ ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕ ಹಿಂಬಾಲಿಸಿತು.

ನಿಮ್ಮ 6 ಇಂಚನ್ನೂ ಬಿಡುವುದು ಬೇಡ. ಅದಕ್ಕೆ ಒಂದು ಸಾಧಾರಣ ಖಗೋಳ ಕ್ಯಾಮೆರಾ, ನೀಲಿ, ಹಸಿರು, ಕೆಂಪಿನ ಪ್ರಮಾಣಿತ ಫಿಲ್ಟರ್ ಹಾಕಿ ಪ್ರತಿ ರಾತ್ರಿ ಬೆಳಕು ಅಳೆದರೆ ಕುಸಿತದ ಮೊದಲ ದಿನ ಸಿಗುತ್ತದೆ. ನೀಲಿ ಮೊದಲು ಮತ್ತು ಹೆಚ್ಚು ಇಳಿದರೆ ಕಣಗಳು ಸಣ್ಣವು, ಎಲ್ಲ ಬಣ್ಣವೂ ಸಮನಾಗಿ ಇಳಿದರೆ ದಪ್ಪ ಕಣಗಳು. ಜೊತೆಗೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಒಂದು ಸಣ್ಣ ಗ್ರೇಟಿಂಗ್ ಸಿಕ್ಕಿಸಿದರೆ ರೋಹಿತದ ರೇಖೆಗಳೂ ಸಿಗುತ್ತವೆ, ಆದರೆ ರೇಖೆಯ ಆಕಾರ ನೋಡಲು ಅದು ಸಾಲದು, ಕಾಲೇಜಿನಲ್ಲಿ ರೋಹಿತದರ್ಶಕ ಇದ್ದರೆ ಕೇಳಿ ನೋಡಿ. ದೂಳು ಕಟ್ಟಿದಾಗ ರೇಖೆಯ ಕೆಂಪು ಅಂಚು ಸವೆಯುತ್ತದೆ, ಏಕೆಂದರೆ ನಮ್ಮಿಂದ ಆಚೆಗೆ ಓಡುತ್ತಿರುವ ಅನಿಲದ, ಕೆಂಪಿನ ಕಡೆಗೆ ಸರಿದ ಬೆಳಕು ಇಡೀ ದೂಳನ್ನು ತೂರಿ ಬರಬೇಕು. ಈ ದಾರಿಯ ತೊಡಕು ನಿಮಗೆ ಮೊದಲೇ ಗೊತ್ತು. ನೋವಾಗಳು ಹೆಚ್ಚಾಗಿ ಸಿಗುವುದು ಧನು, ವೃಶ್ಚಿಕಗಳ ಕಡೆ. ಅವು ರಾತ್ರಿಯಿಡೀ ಇರುವುದು ಜೂನ್, ಜುಲೈಯಲ್ಲಿ, ನಿಮ್ಮಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯಲೂ ಬಿಸಿಲು ಸಿಗದ ದಿನಗಳಲ್ಲಿ. ಮೌಂಟ್ ಅಬುವೂ ಮಳೆಗಾಲದಲ್ಲಿ ಬಾಗಿಲು ಹಾಕುತ್ತದೆ.

ನಿಜವಾದ ಅವಕೆಂಪು ವೀಕ್ಷಣೆಯೇ ಬೇಕೆಂದರೆ, ದಾರಿ ಮಾರ್ಗದರ್ಶಕರ ಮೂಲಕ. ಮೌಂಟ್ ಅಬು ಬಿಟ್ಟರೆ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಒಣ ಗಾಳಿಯಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ! ಸಮಯಕ್ಕೆ ಅರ್ಜಿ ಹಾಕಬೇಕು, ಪೈಪೋಟಿ ಇದೆ, ಸಿಕ್ಕ ರಾತ್ರಿ ಮೋಡ ಕವಿಯಬಹುದು. ಎಂ.ಎಸ್ಸಿ. ಪ್ರಾಜೆಕ್ಟಿನ ನಾಲ್ಕಾರು ತಿಂಗಳನ್ನು ಇದೊಂದನ್ನೇ ನಂಬಿ ಕೂರುವುದು ಬೇಡ. ಉತ್ತರ ಕಿರೀಟ ಪುಂಜದ ಟಿ ಎಂಬ ನಕ್ಷತ್ರವನ್ನು ನೆಚ್ಚಿಕೊಳ್ಳುವುದೂ ಬೇಡ. 1866, 1946ರಲ್ಲಿ ಸಿಡಿದ ಅದು ಮತ್ತೆ ಸಿಡಿಯುತ್ತದೆ ಎಂಬುದು ಸರಿ, ಆದರೆ ಅಂಥ ಮರುಕಳಿಸುವ ನೋವಾಗಳು ಉಗಿಯುವುದು ಕಡಿಮೆ ಅನಿಲ, ಅದೂ ಬಲು ವೇಗದಲ್ಲಿ. ಹೊಸ ದೂಳು ಕಟ್ಟಲು ಅನುಕೂಲವಿಲ್ಲ. ಅದರದೇ ಜಾತಿಯ ಆರ್‌ಎಸ್ ಉರಗಧರದಲ್ಲಿ 2006ರ ಸ್ಫೋಟದ ಮೇಲೆ ಸ್ಪಿಟ್ಜರ್ ದೂರದರ್ಶಕ ಸಿಲಿಕೇಟ್ ದೂಳು ಕಂಡಿತು. ಅದು ಸ್ಫೋಟ ಹುಟ್ಟಿಸಿದ್ದಲ್ಲ, ಜೋಡಿಯ ಕೆಂಪು ದೈತ್ಯ ಮೊದಲೇ ಊದಿಟ್ಟಿದ್ದು.

ಮನೆಯವರ ದಿಗಿಲಿನ ವಿಷಯ. ಒಂದು ನೋವಾ ಕಟ್ಟುವ ದೂಳು, ಎಲ್ಲವನ್ನೂ ಗುಡ್ಡೆ ಹಾಕಿದರೂ ಚಂದ್ರನ ತೂಕದ ಒಂದು ಸಣ್ಣ ಪಾಲಿನಿಂದ ಹಿಡಿದು ಹೆಚ್ಚೆಂದರೆ ಭೂಮಿಯ ತೂಕದ ಮೂರನೆಯ ಒಂದು ಪಾಲು. ಸೆಕೆಂಡಿಗೆ 1,000 ಕಿಲೋಮೀಟರಿನಂತೆ ಎಲ್ಲೂ ನಿಧಾನವಾಗದೆ ಬಂದರೂ 3,000 ಜ್ಯೋತಿರ್ವರ್ಷ ದಾಟಲು ಅದಕ್ಕೆ 9 ಲಕ್ಷ ವರ್ಷ ಬೇಕು. ಅಷ್ಟರಲ್ಲಿ ಅದು ಅಂತರತಾರಾ ಅನಿಲದಲ್ಲಿ ಬೆರೆತು ಹಂಚಿಹೋಗಿರುತ್ತದೆ. ಆದರೆ ಮಗಳು ಹೇಳಿದ್ದೂ ಸುಳ್ಳಲ್ಲ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಉಲ್ಕಾಶಿಲೆಯೊಂದರಲ್ಲಿ ಮೈಕ್ರಾನ್ ಗಾತ್ರದ ಒಂದು ಗ್ರಾಫೈಟ್ ಕಣವನ್ನು ಪತ್ತೆಹಚ್ಚಿ 2019ರಲ್ಲಿ ಪ್ರಕಟಿಸಿದರು, ಎಲ್‌ಎಪಿ-149 ಎಂದು ಅದರ ಹೆಸರು. ಭೂಮಿಯಲ್ಲಿ ತುಸು ಭಾರದ ಬಗೆಯಾದ ಇಂಗಾಲ-13ರ ಒಂದು ಪರಮಾಣುವಿಗೆ ಮಾಮೂಲಿ ಇಂಗಾಲ-12ರವು ಸುಮಾರು 89. ಆ ಕಣದಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ, ನೋವಾದ ಒಲೆಯಲ್ಲಿ ಬೆಂದ ಇಂಗಾಲದ ಗುರುತು ಅದು. ಕಣದ ಹೊಟ್ಟೆಯೊಳಗೆ ಸಿಲಿಕೇಟಿನ ಚೂರೊಂದು ಕೂತಿತ್ತು! ಮಸಿ, ಮರಳು ಎರಡೂ ಒಂದೇ ಸ್ಫೋಟದಲ್ಲಿ ಹುಟ್ಟುತ್ತವೆ ಎಂದು ಅವಕೆಂಪಿನಲ್ಲಿ ದೂರದಿಂದ ಕಂಡದ್ದು ಇಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಂಡಿತು. ಸೂರ್ಯ ಹುಟ್ಟುವುದಕ್ಕೂ ಮೊದಲಿನ ಕಣ ಅದು, 450 ಕೋಟಿ ವರ್ಷಕ್ಕೂ ಹಳೆಯದು. ಮನೆಯವರು ದಿಗಿಲುಬೀಳುವುದು ಬೇಡ.

ಕೊನೆಗೆ ನನ್ನದೊಂದು ಕೋರಿಕೆ. 2015ರಲ್ಲಿ ನೀವು ದಿನಚರಿ ಬರೆದಿಟ್ಟಿದ್ದೀರಾ? ದಿನಾಂಕ, ಸಮಯ, ಯಾವ ನಕ್ಷತ್ರಕ್ಕೆ ಹೋಲಿಸಿದಿರಿ ಎಂಬುದಿದ್ದರೆ, ಬೆಳಕು ಬದಲಿಸುವ ನಕ್ಷತ್ರಗಳ ವೀಕ್ಷಕರ ಸಂಘವಾದ ಎಎವಿಎಸ್‌ಒ ಹಳೆಯ ವೀಕ್ಷಣೆಗಳನ್ನೂ ಸೇರಿಸಿಕೊಳ್ಳುತ್ತದೆ. ಮಗಳ ಕೈಯಲ್ಲಿ ಕಳಿಸಿ. ಜೂನ್ ಕೊನೆಯ ಆ ರಾತ್ರಿಯ ಸಾಲನ್ನು ಬಿಡಬೇಡಿ. ‘ಕಾಣಲಿಲ್ಲ’ ಎಂದಷ್ಟೇ ಬರೆದರೆ ಸಾಲದು, ಅದೇ ನೋಟದಲ್ಲಿ ಕಂಡ ಅತಿ ಮಂಕು ನಕ್ಷತ್ರದ ಕಾಂತಿಮಾನ ಕೊಟ್ಟು ‘ಇದಕ್ಕಿಂತ ಮಂಕು’ ಎಂದು ನಮೂದಿಸಲು ಅಲ್ಲಿ ಅವಕಾಶವಿದೆ.